ಹೇರ್ಳೆಯವರ ಒಗೆಯುವ ಕಲ್ಲು

ಬೆಳಿಗ್ಗೆ ಏಳೂವರೆಗೆ ಗುರುಪ್ರಸಾದ ಹೇರ್ಳೆಯವರ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲು ಮಗುಚಿ ಬಿತ್ತು. ಬಿದ್ದದ್ದು ಅವರ ಎಡಗಾಲಿನ ಹೆಬ್ಬೆರಳ ಮೇಲೆ.

ಕಲ್ಲು ಅಲುಗಾಡುತ್ತದೆ ಎಂದು ಹೆಂಡತಿ ಕ್ಷಮಾ ಚೌತಿ ಹಬ್ಬದಿಂದ ಹೇಳುತ್ತಲೇ ಇದ್ದಳು. ಆವತ್ತು ಭಾನುವಾರ, ಸೊಸೈಟಿಗೆ ರಜೆ. ಗುಮಾಸ್ತಿಕೆಯಲ್ಲಿ ಪೆನ್ನಿಗಿಂತ ಭಾರದ್ದನ್ನು ಎತ್ತಿ ಅಭ್ಯಾಸವಿಲ್ಲದ ಹೇರ್ಳೆಯವರು ಅದರ ಅಡಿಗೆ ಕಲ್ಲುಚಕ್ಕೆ ಕೊಟ್ಟು ಸಮ ಮಾಡೋಣವೆಂದು ಹಾರೆ ಹಾಕಿ ಮೀಟಿದರು. ಕಲ್ಲು, ಉಂಡು ಮಲಗಿದವರು ಮಗ್ಗುಲು ಬದಲಿಸುವ ಹಾಗೆ, ನಿಧಾನವಾಗಿ ಹೊರಳಿ ಅಂಗಾತವಾಯಿತು.

"ಹ್ವಾಯ್, ಎಂತ ಬಿತ್ತ್?" ಕ್ಷಮಾ ಒಳಗಿನಿಂದ ಓಡಿ ಬಂದಳು.

ಕಾಲು ಹಿಡಿದು ಬಗ್ಗಿದ ಹೇರ್ಳೆಯವರು ಬಗ್ಗಿಯೇ ಇದ್ದರು. ಕಲ್ಲಿನ ಅಡಿಮೈಯಲ್ಲಿ ಅಕ್ಷರ ಕೆತ್ತಿತ್ತು. ತೆಂಗಿನ ನಾರಿನಿಂದ ಮಣ್ಣು ತಿಕ್ಕಿದಾಗ ಓದಲು ಬಂತು: 'ಈ ಕಲ್ಲಿನಿಂದ ಪಡುವಣಕ್ಕೆ ಊರ ದಾರಿ. ಶೀನ ಹೇರ್ಳೆ ಬಿಟ್ಟ ಜಾಗ.'

"ಮುತ್ತಜ್ಜ ಸಿಕ್ರ್!" ಎಂದು ಅವರು ಕೂಗಿದರು.

"ಅವ್ರ್ ಸಿಕ್ಲಿ. ನಾನ್ ಬಟ್ಟಿ ಎಲ್ಲ್ ಒಗೂದ್?"

ಹೇರ್ಳೆಯವರಿಗೆ ಬಟ್ಟೆಯ ಚಿಂತೆ ಇರಲಿಲ್ಲ. ಕುಂದಾಪುರ ಬೆಳೆಯುತ್ತಿತ್ತು. ಮೊದಲೆಲ್ಲ 'ಹೇರ್ಳೆರ ಮನೆ ದಾರಿ' ಎಂದರೆ ಅಂಚೆಯವನು ಬರುತ್ತಿದ್ದ. ಈಗ ಪಾರ್ಸೆಲ್ ತರುವ ಹುಡುಗರು ಫೋನು ಹಿಡಿದು ಗದ್ದೆಬದಿಯಲ್ಲಿ ನಿಲ್ಲುತ್ತಿದ್ದರು. ಹಾಗಾಗಿ ದಾರಿಗೊಂದು ಹೆಸರು ಇಡುವುದೆಂದು ನಿಶ್ಚಯವಾಗಿತ್ತು. ಇಡೀ ದಾರಿಗೆ ಜಾಗ ಕೊಟ್ಟವರು ತಮ್ಮ ಮುತ್ತಜ್ಜ ಎಂದು ಹೇರ್ಳೆಯವರ ವಾದ. ಅಲ್ಲ, ತಮ್ಮ ಅಜ್ಜ ಎಂದು ಎದುರುಮನೆಯ ಹೃಷಿಕೇಶ ಬಾಯರಿಯವರ ವಾದ.

"ಸಾಕ್ಷಿ ಎಂತ ಇತ್ತ್ ಮಾರಾಯ್ರೆ?" ಎಂದು ಬಾಯರಿಯವರು ಕೇಳಿದಾಗಲೆಲ್ಲ ಹೇರ್ಳೆಯವರದು ಒಂದೇ ಉತ್ತರ: "ಕಾಗದ ಇದ್ದಿತ್ತ್. ಒರಲೆ ತಿಂತ್." ಇದರಿಂದಾಗಿ ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಅವರು ಏನು ಬರೆದರೂ ಕೆಳಗೊಂದು ಗೆದ್ದಲಿನ ಚಿತ್ರ ಬರುತ್ತಿತ್ತು. ಹಾಲಿನ ಡೈರಿಯಲ್ಲಿ ಅವರ ಹೆಸರು 'ಒರಲೆ ಹೇರ್ಳೆ' ಎಂದಾಗಿತ್ತು. ಹೆಸರಿನ ತೀರ್ಮಾನಕ್ಕೆ ಸಭೆ ಇದ್ದದ್ದು ಅದೇ ಸಂಜೆ, ಭಜನಾ ಮಂದಿರದಲ್ಲಿ.

ಹೋದ ವರ್ಷವಷ್ಟೇ ಕಟ್ಟಿಸಿದ ಸಿಟ್‌ಔಟಿನ ಬೆತ್ತದ ಕುರ್ಚಿಯಲ್ಲಿ ಕೂತು, ಊದಿದ ಬೆರಳಿಗೆ ಅರಿಶಿನ ಹಚ್ಚಿಕೊಂಡು, ಹೇರ್ಳೆಯವರು ಗುಂಪಿಗೆ ಕಲ್ಲಿನ ಫೋಟೋ ಕಳಿಸಿದರು. ಉತ್ತರ ಕೂಡಲೇ ಬಂತು. "ಫೋಟೋ ಯಾರೂ ಮಾಡ್ಲಕ್ಕ್. ಕಲ್ಲ್ ತನ್ನಿ" ಎಂದು ಬಾಯರಿಯವರು ಬರೆದಿದ್ದರು.

ಸಂಜೆ ಕಲ್ಲು ಒಯ್ಯಲು ರೋಹಿತನ ಗೂಡ್ಸ್ ರಿಕ್ಷಾ ಬಂತು. ಅಕ್ಕಪಕ್ಕದವರು ಸೇರಿ ಕಲ್ಲು ಹಿಂದಕ್ಕೆ ಏರಿಸುತ್ತಲೇ ಮುಂದಿನ ಚಕ್ರ ನೆಲ ಬಿಟ್ಟಿತು.

"ಹೇರ್ಳೆರೆ, ಮುಂದ್ ಬಂದ್ ಕೂಕಣಿ. ಇಲ್ದಿರೆ ಗಾಡಿ ಆಕಾಶ ಕಾಣತ್ತ್," ಎಂದ ರೋಹಿತ್.

ಹೇರ್ಳೆಯವರು ಕೂತರು. ಸಾಲಲಿಲ್ಲ. ಕ್ಷಮಾಳನ್ನೂ ಕೂರಿಸಿದರು. ಮದುಮಕ್ಕಳ ದಿಬ್ಬಣದ ಹಾಗೆ ರಿಕ್ಷಾ ನಿಧಾನಕ್ಕೆ ಹೊರಟಿತು. ಹಿಂದಿನಿಂದ ಕೇರಿಯ ಜನ. ಮಂದಿರದ ಮುಂದೆ ಇಳಿಸುವಾಗ ಕಲ್ಲು ಜಾರಿ ಒಂದು ಮೆಟ್ಟಿಲಿನ ಮೂಲೆ ಒಡೆಯಿತು. ರಿಪೇರಿ ಹೇರ್ಳೆಯವರದು ಎಂದು ಅಲ್ಲೇ ತೀರ್ಮಾನವಾಯಿತು.

ವಾರ್ಡ್ ಸದಸ್ಯೆ ಚಂದ್ರಾವತಿ ಅಕ್ಷರಗಳನ್ನು ಎರಡು ಸಲ ಓದಿದರು. ಈ ದಾರಿಗೆ ಚರಂಡಿ ಮಾಡಿಸಬೇಕೆಂದು ಅವರು ಮನೆಮನೆಗೆ ಹೋಗಿ ಜಾಗ ಕೇಳಿದ್ದರು. ಹೇರ್ಳೆಯವರೂ ಸೇರಿ ಒಬ್ಬರೂ ಒಂದು ಗೇಣು ಬಿಟ್ಟಿರಲಿಲ್ಲ.

ಹೇರ್ಳೆಯವರು ಒಂಟಿಕಾಲಲ್ಲಿ ನಿಂತು ಭಾಷಣ ಮಾಡಿದರು. "ನಮ್ಮ ಮುತ್ತಜ್ಜ ಊರಿಗೆ ಬಿಟ್ಟ ಜಾಗ ಊರಿನದ್ದೇ. ಅದ್ರಗೆ ಒಂದ್ ಗೇಣ್ ಕೂಡ ನಮ್ಮ ಮನೆತನಕ್ಕೆ ಬ್ಯಾಡ!" ಚಪ್ಪಾಳೆ ಬಿತ್ತು.

ಬಾಯರಿಯವರು ಬಿಡಲಿಲ್ಲ. "'ಈ ಕಲ್ಲಿನಿಂದ' ಅಂದೇಳಿ ಇತ್ತ್. ಕಲ್ಲ್ ಇದ್ದದ್ದ್ ಎಲ್ಲ್? ಹಾಲಾಡಿಯಿಂದ ಹೊತ್ಕಂಡ್ ಬಂದಿಪ್ಪುಕೂ ಸಾಕ್."

"ಉಮಾವತಿಯಮ್ಮನ್ನ ಕೇಣಿ! ಅವ್ರ್ ಹುಟ್ಟಿ ಬೆಳ್ದದ್ದೇ ಈ ಕೇರಿಲಿ," ಎಂದ ಹೇರ್ಳೆಯವರು, ಬೇರೆಯವರು ಏಳುವ ಮೊದಲೇ ಕುಂಟುತ್ತಾ ಹೋಗಿ, ಕೇರಿಯ ಹಿರಿಯಜ್ಜಿಯನ್ನು ತಾವೇ ಕೈಹಿಡಿದು ಕರೆತಂದರು.

ಅಜ್ಜಿ ಕಲ್ಲಿನ ಮೇಲೆ ಕೈಯಾಡಿಸಿದರು. "ಇದ್ರ ಮೇಲ್ ಕೂಕಂಡ್ ನಾನ್ ಎಷ್ಟ್ ಮಾವಿನಹಣ್ಣ್ ತಿಂದಿದ್ದೆ! ನಿನ್ ಅಜ್ಜ ಮಂಜ ಹೇರ್ಳ್ರ್ ಕಿತ್ಕಂಡ್ ಹೋದ್ರ್ ಮಾಣಿ. ದೊರಗ್ ಮುರಕಲ್ಲಿಗೆ ಉಜ್ಜಿ ಉಜ್ಜಿ ಸೀರಿ ಹರೀತ್ ಅಂದೇಳಿ ನಿನ್ ಅಜ್ಜಿ ದಿನಾ ಜಗಳ. ಊರಿಡೀ ಹುಡ್ಕಿರೂ ಇಷ್ಟ್ ನುಣ್ಪ್ ಕಲ್ಲ್ ಇದ್ದದ್ದ್ ಇದೊಂದೇ."

"ಇದ್ದ ಜಾಗ ತೋರ್ಸಿ ಅಮ್ಮ, ಎಲ್ಲರಿಗೂ ತೋರ್ಸಿ!"

"ತೋರ್ಸ್ತೆ. ಹೋಪ, ಬನಿ."

ಅಜ್ಜಿ ಮುಂದೆ, ಹೇರ್ಳೆಯವರು ಪಕ್ಕದಲ್ಲಿ, ಜನ ಹಿಂದೆ. ದಾರಿಯ ಬದಿಯಲ್ಲಿ ಎಲ್ಲಾದರೂ ನಿಲ್ಲುತ್ತಾರೆ ಎಂದುಕೊಂಡರೆ ಅಜ್ಜಿ ನಿಲ್ಲಲಿಲ್ಲ. ಹೇರ್ಳೆಯವರ ಗೇಟು ತೆಗೆದರು. ದಾಸವಾಳದ ಗಿಡ ದಾಟಿದರು. ಸಿಟ್‌ಔಟಿನ ಮೆಟ್ಟಿಲು ಹತ್ತಿ, ಬೆತ್ತದ ಕುರ್ಚಿ ಸರಿಸಿ, ಹೊಳೆಯುವ ಟೈಲ್ಸಿನ ಮೇಲೆ ಕೋಲು ಕುಟ್ಟಿದರು.

"ಇಲ್ಲೇ."

ಹೇರ್ಳೆಯವರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಪಡುವಣಕ್ಕೆ ತಿರುಗಿ ನೋಡಿದರು. ಅರ್ಧ ಸಿಟ್‌ಔಟು, ಮೆಟ್ಟಿಲು, ದಾಸವಾಳ, ಕಾಂಪೌಂಡು, ಗೇಟು, ಎಲ್ಲವೂ ಪಡುವಣದಲ್ಲೇ ಇದ್ದವು. ಅವರ ಕೈ ತಟ್ಟುವುದನ್ನು ನಿಲ್ಲಿಸಿತು.

"ಚಂದ್ರಕ್ಕ," ಬಾಯರಿಯವರು ಗಡಿಬಿಡಿಯಲ್ಲಿ ಹೇಳಿದರು, "ನಾನ್ ನಮ್ಮಜ್ಜನ ಹೆಸ್ರ್ ವಾಪಸ್ ತೆಕ್ಕಂಡೆ. ನಮ್ಮಜ್ಜ ಊರಿಗೆ ಒಂದ್ ಹಿಡಿ ಮಣ್ಣೂ ಬಿಟ್ಟದ್ದಿಲ್ಲೆ. ಸರಿ ಬರ್ಕಣಿ."

ಚಂದ್ರಾವತಿ ಹೇರ್ಳೆಯವರ ಕಡೆ ತಿರುಗಿ ಕೈಮುಗಿದರು. "ಒಂದ್ ಗೇಣ್ ಕೂಡ ಬ್ಯಾಡ ಅಂದ್ರಿ. ಇಂಥ ಮನಸ್ಸ್ ಯಾರಿಗಿತ್ತ್ ಹೇಳಿ! ನಾಳೆ ಅಳತೆಯವ್ರನ್ನ ಕಳ್ಸ್ತೆ."

ಅಳತೆ ಮರುದಿನವೇ ಆಯಿತು. ದೀಪಾವಳಿಯ ಒಳಗೆ ಚರಂಡಿಯೂ ಬಂತು. 'ಶೀನ ಹೇರ್ಳೆ ರಸ್ತೆ' ಎಂಬ ಹಸಿರು ಬೋರ್ಡನ್ನು ಬೆತ್ತದ ಕುರ್ಚಿ ಇದ್ದ ಜಾಗದಲ್ಲೇ ನೆಟ್ಟು, ಬುಡಕ್ಕೆ ಕಲ್ಲು ನಿಲ್ಲಿಸಿ ಸಿಮೆಂಟು ಹಾಕಿದರು.

ಕ್ಷಮಾ ಬಟ್ಟೆ ಒಗೆಯಲು ಈಗ ಬಾಯರಿಯವರ ಮನೆಗೆ ಹೋಗುತ್ತಾಳೆ.