ಎರಡು ಸರ್ವರ್, ಒಂದು ತೆಂಗಿನಕಾಯಿ

ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್‌ಗಳ ಸಕಲ ಹೊಣೆಯೂ ನನ್ನದು. ಡೊಮೈನ್ ಕಂಟ್ರೋಲರ್ ಎಂಬ ಸರ್ವರ್ ಒಂದಿದೆ. ಪಾಸ್‌ವರ್ಡ್ ಕೇಳಿ ಎಲ್ಲರನ್ನೂ ಒಳಗೆ ಬಿಡುವುದು ಅದೇ. ಅದು ಮಲಗಿದರೆ ಕಾಲೇಜೇ ಮಲಗಿದಂತೆ. ಹಾಗಾಗಬಾರದೆಂದು ಶಿರಾ ಶಾಖೆಯಲ್ಲಿ ಅದರ ಜೋಡಿಯೊಂದನ್ನು ಇಡಿಸಿ, ಹನ್ನೆರಡು ಪುಟಗಳ ವಿಪತ್ತು ನಿರ್ವಹಣಾ ಯೋಜನೆ ಬರೆದೆ. ಮೊದಲ ನಿಯಮ: ಯಾವ ಕಾರಣಕ್ಕೂ ಎರಡೂ ಒಂದೇ ಕಡೆ ಇರತಕ್ಕದ್ದಲ್ಲ! ಪ್ರಿನ್ಸಿಪಾಲ್ ಮೇಡಂ ಮೆಚ್ಚಿ ತಲೆಯಾಡಿಸಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಯುಧ ಪೂಜೆ ಬಂತು. ಅಟೆಂಡರ್ ನಾಗಮ್ಮ ಸರ್ವರ್ ಒರೆಸುತ್ತಾ ಕೇಳಿದರು:

"ಸಾ, ಇದ್ಕೊಂದ್ಕೇ ಪೂಜೆ ಮಾಡುದ್ರೆ ಸಿರಾದಾಗಿರೋದು ಮುನಿಸ್ಕಳಾಕಿಲ್ವಾ?"

"ಅದು ಯಂತ್ರ ಕಣಮ್ಮ."

"ಲಾರೀನೂ ಯಂತ್ರನೇ. ಪೂಜೆ ಇಲ್ದೆ ಯಾವ ಡ್ರೈವರ್ ತೆಗೀತಾನೆ ಏಳಿ?"

ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ಹಾಲ್ ಟಿಕೆಟ್ ಮುದ್ರಿಸಬೇಕು. ಇಂಥ ಹೊತ್ತಿನಲ್ಲಿ ದೇವರ ಜೊತೆ ಯಾಕೆ ತಕರಾರು? ಶಿರಾ ಸರ್ವರನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಫೋಟೋದಲ್ಲಿ ದೀಪ ಮಿನುಗಲೆಂದು ಚಾಲೂ ಮಾಡಿದೆ. ಎರಡರ ನಕಲೂ ತುಂಬಿಟ್ಟಿದ್ದ ಬ್ಯಾಕಪ್ ಡಿಸ್ಕನ್ನು ಮಾತ್ರ ಯಾಕೆ ಬಿಡಬೇಕು? ಅದನ್ನೂ ನಡುವೆ ಇಟ್ಟು ಸೇವಂತಿಗೆ ಮುಡಿಸಿದೆ.

ಕಾಯಿ ನಾನೇ ಒಡೆದೆ. ಅದೂ ಮೇಜಿನ ಅಂಚಿಗೆ, ಇದ್ದಬದ್ದ ಶಕ್ತಿಯೆಲ್ಲ ಹಾಕಿ! ಕಾಯಿ ಎರಡು ಹೋಳಾಯಿತು. ನೀರು ಯಾರಿಗೂ ಮೋಸವಿಲ್ಲದಂತೆ ಎರಡು ಸರ್ವರ್‌ಗಳಿಗೂ ಹಂಚಿಹೋಯಿತು. ಮಿಕ್ಕಿದ್ದು ಡಿಸ್ಕಿಗೆ.

ಚಿಟ್ ಎಂದಿತು. ಮತ್ತೊಂದು ಚಿಟ್. ದೀಪಗಳು ಆರಿದವು.

"ಪೂಜೆ ಒಪ್ಕಂಡ್ಬುಟ್ವು ಸಾ," ಎಂದರು ನಾಗಮ್ಮ.

ಇಂಥ ವಿಪತ್ತಿನಲ್ಲಿ ಏನು ಮಾಡಬೇಕೆಂದು ನನ್ನ ಯೋಜನೆಯಲ್ಲಿ ಸವಿಸ್ತಾರವಾಗಿ ಬರೆದಿದ್ದೆ. ಯೋಜನೆ ಎಲ್ಲಿತ್ತು? ಸರ್ವರ್ ಒಳಗೆ! ನಕಲು? ಇನ್ನೊಂದು ಸರ್ವರ್ ಒಳಗೆ!

ಮನೆಗೆ ಹೋದರೆ ಹೆಂಡತಿ ಕೇಳಿದಳು, "ಕಾಯಿ ಚೆನ್ನಾಗಿ ಒಡೀತೇನ್ರಿ?"

"ತುಂಬಾ ಚೆನ್ನಾಗಿ ಒಡೀತು," ಎಂದೆ. ಹೋಳಿಗೆಯ ತಟ್ಟೆ ಪಕ್ಕಕ್ಕೆ ಸರಿಸಿದೆ.

ಹಬ್ಬ ಮುಗಿದು ಕಾಲೇಜು ತೆರೆದ ದಿನ ಯಾರ ಪಾಸ್‌ವರ್ಡೂ ನಡೆಯಲಿಲ್ಲ. ಹಾಜರಿ ಪುಸ್ತಕ ನೋಡಿಕೊಂಡು ಅಷ್ಟೂ ಹಾಲ್ ಟಿಕೆಟ್‌ಗಳನ್ನು ನಾನೇ ಕೈಯಲ್ಲಿ ಬರೆದೆ. ಬೆರಳು ಬಾತುಕೊಂಡವು. ಹುಲಿಕುಂಟೆಯ ಹುಡುಗಿಯೊಬ್ಬಳು ಅಳುಮುಖ ಮಾಡಿಕೊಂಡು ಬಂದು, "ಸಾರ್, ಇದ್ರಾಗೆ ನಮ್ಮಪ್ಪನ್ನೇ ಪರೀಕ್ಷೆಗೆ ಕೂರ್ಸಿದ್ದೀರ," ಎಂದಳು. ನನಗೂ ಅಳುವೇ ಬಂತು.

ವಾರದ ಮೇಲೆ ಮೇಡಂ ಕರೆಸಿದರು. "ಎಲ್ಲಕ್ಕೂ ಒಂದು ಜೋಡಿ ಇರಬೇಕು ಅಂತ ನೀವೇ ಹೇಳಿದ್ರಲ್ಲ. ನಿಮಗೂ ಒಬ್ಬರನ್ನ ತಗೊಂಡಿದ್ದೀವಿ."

ನನಗೆ ಸಹಾಯಕ! ಹಿಗ್ಗಿಹೋದೆ.

"ಅವರು ಇಲ್ಲಿರ್ತಾರೆ. ನೀವು ಶಿರಾದಲ್ಲಿ."

ಅಂದಿನಿಂದ ಶಿರಾದ ಮೂಲೆಯಲ್ಲಿ ಕೂತಿದ್ದೇನೆ. ಆ ಮಹಾರಾಯ ಒಂದು ದಿನ ರಜೆ ಹಾಕಿದರೆ ನನಗೆ ಕೆಲಸ. ಅವನಿಗೆ ನೆಗಡಿಯೂ ಬರುವುದಿಲ್ಲ.

ಈ ವರ್ಷ ಆಯುಧ ಪೂಜೆಗೆ ಹೊಸ ಅಂಗಿ ಹೊಲಿಸಿಕೊಂಡಿದ್ದೆ. ಹಿಂದಿನ ದಿನ ನಾಗಮ್ಮನ ಫೋನ್ ಬಂತು. "ಸಾ, ನೀವು ಪೂಜೆಗೆ ಬರೋದು ಬ್ಯಾಡ್ವಂತೆ. ಇಬ್ರೂ ಒಂದೇ ತಾವು ಇರಕೂಡ್ದು ಅಂತ ನೀವೇ ಬರ್ದಿದ್ರಂತಲ್ಲ!"