ನನ್ನ ಲಿವರಿನ ಬಿಳಿ ಚುಕ್ಕೆ

ಹೊಟ್ಟೆಯೊಳಗೆ ಏನೇನಿದೆ ಎಂದು ತಿಳಿಯದೆ ಬದುಕುವುದೇ ಸುಖ ಎಂದು ಈಗ ಯಾರು ಕೇಳಿದರೂ, ಕೇಳದಿದ್ದರೂ ಹೇಳುತ್ತೇನೆ. ಐವತ್ತೆರಡು ವರ್ಷ ನನ್ನ ಲಿವರ್ ಎಡಕ್ಕಿದೆಯೋ ಬಲಕ್ಕಿದೆಯೋ ನನಗೆ ಗೊತ್ತಿರಲಿಲ್ಲ. ಅದೂ ನನ್ನ ವಿಚಾರಕ್ಕೆ ಬಂದಿರಲಿಲ್ಲ. ಇಬ್ಬರೂ ಚೆನ್ನಾಗಿಯೇ ಇದ್ದೆವು. ಜಮಖಂಡಿಯಲ್ಲಿ ಸ್ಕ್ಯಾನ್ ಮಾಡಿಸಿದ ದಿನದಿಂದ ನಮ್ಮ ನಡುವೆ ಕೆಟ್ಟಿತು.

ನಾನು ರಬಕವಿಯ ಸೀರೆ ಅಂಗಡಿಯೊಂದರಲ್ಲಿ ಮಾಲು ನೋಡುವವನು. ನೇಕಾರರು ತಂದ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ಎಳೆ ತಪ್ಪಿದ್ದು, ಕಲೆ, ಗಂಟು ಹುಡುಕುವುದು ನನ್ನ ಉದ್ಯೋಗ. ಒಂದು ಚುಕ್ಕೆ ಸಿಕ್ಕರೆ ಹೋಳಿಗೆ ಉಂಡಷ್ಟು ಸಂತೋಷ! ತಂದವನಿಗೆ ನಾಲ್ಕು ಮಾತು ಆಡಿ, ಮುಂದಿನ ಸಲ ಜೋಕೆ ಎಂದು ಗದರಿಸಿ, ಆ ಸಮಾಧಾನದಲ್ಲಿ ಸೀರೆ ಮಡಿಚಿ ಒಳಗೆ ಕಳಿಸುತ್ತೇನೆ. ನನ್ನ ಕಣ್ಣು ಬಲು ಚುರುಕು ಎಂದು ಊರಲ್ಲಿ ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನು ಬಹುಪಾಲು ನಾನೇ.

ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ಹಿಂಡುತ್ತಿದ್ದ ನೋವಿಗೆ ನನ್ನ ಹೆಂಡತಿ ಶಾಂತಾ ಮೂರು ತಿಂಗಳು ಅಜವಾನ ತಿನ್ನಿಸಿ ನೋಡಿದಳು. ಕೊನೆಗೆ ಅವಳೇ ಬಸ್ಸು ಹತ್ತಿಸಿ ಜಮಖಂಡಿಗೆ ಕರೆದೊಯ್ದಳು. ಸ್ಕ್ಯಾನ್ ಎಂದರೆ ಎಂಥ ಗಮ್ಮತ್ತು! ಹೊಟ್ಟೆಗೆ ತಣ್ಣನೆಯ ಅಂಟು ಬಳಿದು, ಯಂತ್ರ ಆಡಿಸಿ, ಪಕ್ಕದ ಟೀವಿಯಲ್ಲಿ ನನ್ನ ಒಳಗನ್ನೆಲ್ಲ ನನಗೇ ತೋರಿಸಿದರು. ಕತ್ತು ತಿರುಗಿಸಿ ತಿರುಗಿಸಿ ನೋಡಿದ್ದಕ್ಕೆ ಎರಡು ಸಲ ಬೈಸಿಕೊಂಡೆ.

“ಪಿತ್ತಕೋಶದಾಗ ನಾಕು ಕಲ್ಲು ಅದಾವ್ರಿ,” ಎಂದರು ಸ್ಕ್ಯಾನ್ ಮಾಡಿದ ಡಾಕ್ಟರು. “ಲಿವರ್‌ದಾಗ ಒಂದು ಬಿಳಿ ಚುಕ್ಕಿ ಕಾಣತೈತಿ. ಏನೂ ಇರಲಿಕ್ಕಿಲ್ಲ. ಆದರೂ ಗುರುವಾರ ದೊಡ್ಡ ಡಾಕ್ಟರು ಬರ್ತಾರ, ತೋರಿಸಿಬಿಡ್ರಿ.”

ಚುಕ್ಕೆ! ನನ್ನೊಳಗೇ ಚುಕ್ಕೆ! ಕಲ್ಲುಗಳ ಮಾತು ಅಲ್ಲಿಗೇ ಮರೆತುಹೋಯಿತು. ಗುರುವಾರಕ್ಕೆ ಇನ್ನೂ ನಾಲ್ಕು ದಿನ. ಅಂಗಡಿಗೆ ಬಂದವರಿಗೆಲ್ಲ ಸ್ಕ್ಯಾನಿನ ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದು ತೋರಿಸಿದೆ. ಸೀರೆ ನೋಡಿ ಪಳಗಿದ ಜನ, ಎಲ್ಲರೂ ಕಣ್ಣು ಕಿರಿದು ಮಾಡಿ ಅಭಿಪ್ರಾಯ ಕೊಟ್ಟರು. ನಮಗೆ ಇಪ್ಪತ್ತು ವರ್ಷದಿಂದ ಸೀರೆ ನೇಯ್ದು ಕೊಡುವ ಈರಪ್ಪನಂತೂ ಫಿಲ್ಮನ್ನು ಎರಡೂ ಕಡೆ ತಿರುಗಿಸಿ, ಬೆರಳಿನಿಂದ ಸವರಿ, “ಅಣ್ಣಾರ, ಈ ಮಾಲು ನನ್ನ ಮಗ್ಗದ ಮ್ಯಾಲಿಂದ ಬಂದಿದ್ರ ನೀವು ಸುಮ್ಮನ ಬಿಡತಿದ್ರೇನ್ರಿ?” ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನಿಜ ಹೇಳುತ್ತೇನೆ, ಹೆದರಿದ್ದೆ. ಶಾಂತಾ ರೊಟ್ಟಿ ಬಡಿಯುತ್ತ ಕೂತಿದ್ದನ್ನು ನೋಡಿದರೆ ಸಾಕು, ನಾನಿಲ್ಲದೆ ಇವಳು ಯಾರಿಗೆ ಬಡಿದಾಳು ಎಂದು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬರುತ್ತಿದ್ದೆ. ಅವಳು ಮಾತ್ರ ಕೈ ನಿಲ್ಲಿಸದೆ, “ಚುಕ್ಕಿ ಚುಕ್ಕಿ ಅಂತೀರಲ್ಲ, ಡಾಕ್ಟರಿಗೆ ಕಲ್ಲಿಂದೂ ಕೇಳ್ರಿ. ನಿಮಗ ಬ್ಯಾನಿ ಕೊಡಾಕತ್ತಿದ್ದು ಅವು,” ಎಂದಳು. ಹೆಂಗಸರಿಗೆ ಇಂಥ ಸೂಕ್ಷ್ಮ ಎಲ್ಲಿ ತಿಳಿಯಬೇಕು ಎಂದುಕೊಂಡೆ.

ಗುರುವಾರ ದೊಡ್ಡ ಡಾಕ್ಟರು ಫಿಲ್ಮನ್ನು ದೀಪಕ್ಕೆ ಹಿಡಿದರು. ಅವರು ನೋಡಿದ ಅರ್ಧ ನಿಮಿಷದಲ್ಲಿ ನಾನು ಮನೆದೇವರಿಗೆ ಏನೇನು ಹರಕೆ ಹೊತ್ತೆನೋ ಈಗ ನೆನಪಿಲ್ಲ.

“ಇದು ರಕ್ತನಾಳದ ಸಣ್ಣ ಗಂಟು. ಹುಟ್ಟಿದಾಗಿಂದ ಇದ್ದರೂ ಇದ್ದೀತು. ಇದರಿಂದ ಏನೂ ಆಗಂಗಿಲ್ಲ, ಬಿಟ್ಟುಬಿಡ್ರಿ. ಆದರ ಆ ಕಲ್ಲು...”

‘ಆದರ’ ಎನ್ನುವ ಹೊತ್ತಿಗೆ ನಾನು ಬಾಗಿಲಾಚೆ ಇದ್ದೆ. ಬದುಕಿದೆ! ಕುಣಿಯುವುದೊಂದು ಬಾಕಿ. ಶಾಂತಾ ಒಳಗೆ ನಿಂತು ಉಳಿದ ಮಾತನ್ನೆಲ್ಲ ಕೇಳಿಸಿಕೊಂಡು, “ಎಣ್ಣಿ ಪದಾರ್ಥ ಮುಟ್ಟಬಾರದಂತ!” ಎನ್ನುತ್ತ ಹೊರಬರುವಾಗ ನಾನು ಎದುರಿನ ಗಾಡಿಯಲ್ಲಿ ಆರನೆಯ ಮಿರ್ಚಿ ಭಜಿಯನ್ನು ಅರ್ಧ ಮುಗಿಸಿದ್ದೆ. ರಬಕವಿ ಬಸ್ಸು ಊರು ದಾಟುವ ಮೊದಲೇ ನೋವು ಎದ್ದಿತು. ಕಂಡಕ್ಟರು ನನ್ನನ್ನು ಇಳಿಸಿ ರಿಕ್ಷಾ ಹತ್ತಿಸಿದರು. ಹೋದ ಆಸ್ಪತ್ರೆಗೇ ಮರಳಿದೆ, ಈ ಸಲ ಮಲಗಿಕೊಂಡು.

ಆಪರೇಶನ್ ಆಯಿತು. ನಾಲ್ಕೂ ಕಲ್ಲನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಮೂರನೆಯ ದಿನ ಈರಪ್ಪ ಬ್ರೆಡ್ಡು, ಮೋಸಂಬಿ ಹಿಡಿದು ನೋಡಲು ಬಂದ. ಬಾಟಲಿ ಅಲ್ಲಾಡಿಸಿ ಅವನಿಗೆ ತೋರಿಸುತ್ತ, “ಚುಕ್ಕಿ ನೋಡಿಕೋತ ಕೂತು ಇಷ್ಟು ದೊಡ್ಡ ಕಲ್ಲು ಬಿಟ್ಟೆ ನೋಡೋ ಈರಪ್ಪಾ. ಅಂಗಡ್ಯಾಗೂ ಹಿಂಗ ಏನರ ಬಿಟ್ಟಿದ್ದೇನೋ ಏನೋ!” ಎಂದೆ. ‘ಛೇ, ನೀವು ಬಿಡೋದಾ?’ ಎಂಬ ಉತ್ತರಕ್ಕಾಗಿ ಕಾದೆ.

ಈರಪ್ಪ ಶಾಂತಾಳ ಮುಖ ನೋಡಿದ. ಮೋಸಂಬಿ ಸುಲಿಯುವುದನ್ನು ನಿಲ್ಲಿಸಿದ.

“ಸಿಟ್ಟಾಗಬ್ಯಾಡ್ರಿ ಅಣ್ಣಾರ. ಸೀರ್ಯಾಗ ಎಲ್ಲೆರ ದೊಡ್ಡ ತಪ್ಪು ಆಗಿತ್ತಂದ್ರ, ನಾವು ಮ್ಯಾಲಿನ ಮಡಿಕ್ಯಾಗ ಒಂದು ಸಣ್ಣ ಚುಕ್ಕಿ ಬೇಕಂತನ ಬಿಟ್ಟಿರ್ತೀವ್ರಿ. ಅದೊಂದು ಸಿಕ್ತಂದ್ರ ನೀವು ಮುಂದ ಬಿಚ್ಚಿ ನೋಡಂಗಿಲ್ಲ.”

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ನನಗೆ ನಗಲೂ ಆಗಲಿಲ್ಲ, ಬೈಯಲೂ ಆಗಲಿಲ್ಲ; ಎರಡಕ್ಕೂ ಹೊಲಿಗೆ ಎಳೆಯುತ್ತಿತ್ತು.

“ಇದು ಯಾವಾಗಿಂದ ನಡದೈತೋ?” ಎಂದೆ.

“ನೀವು ಅಂಗಡಿಗೆ ಸೇರಿದ ವಾರದಾಗ,” ಎಂದ ಈರಪ್ಪ, “ನಮ್ಮಪ್ಪ ಹೇಳಿಕೊಟ್ಟಿದ್ರಿ.”