ನಮ್ಮ ಟೆಂಪೊ ಮನಿ, ಮೂಡಲಗಿ ಕುದರಿ

ಗಾಡಿಯನ್ನ ಮನಿ ಮಾಡ್ಕೊಂಡ ಮಂದಿ ನಗಿ ಹುಡುಕಾಕ ಹೋಗೂದ ಬ್ಯಾಡ. ಅದ ಬೆನ್ನ ಹತ್ತಿ ಬರ್ತೈತಿ. ಈ ವರ್ಷ ನನಗ ಬ್ಯಾಡಾಗಿತ್ತು. ಆದರೂ ಬಂತು.

ನಾವು ಫೌಜಿನಿಂದ ರಿಟೈರ್ ಆದವರು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡಿಯವರು. ಒಬ್ಬೊಬ್ರು ಒಂದೊಂದು ಹಳೀ ಟೆಂಪೊ ತಗೊಂಡು, ಒಳಗ ಮಂಚ, ಗ್ಯಾಸಿನ ವಲಿ ಕೂಡಿಸೇವಿ. ಹೆಂಡರನ್ನ ಕರಕೊಂಡು ತಿರಗತೇವಿ. ದೀಪಾವಳಿ ಆದಮ್ಯಾಲೆ ಮೂಡಲಗಿ ಹೊರಗ ಒಂದು ಹೊಲದಾಗ ಎಲ್ಲಾ ಗಾಡಿ ಕೂಡತಾವು. ಅಲ್ಲಿ ಮನಿಮನಿಗೆ ಶರ್ಯತ್ತಿನಾಗ ಓಡೋ ಕುದರಿ.

ನಮ್ಮ ಮನಿಯಾಕಿ ಶ್ರಾವಣದಾಗ ತೀರಿಕೊಂಡ್ಳು. ಈ ಸಲ ಒಬ್ಬನ ಹೋದೆ. ಗಾಡಿ ಅಲ್ಲೇ ಯಾರಿಗರ ಕೊಟ್ಟು, ಬಸ್ಸಿಗೆ ಹೊಳ್ಳಿ ಬರೂದು, ಮತ್ತ ಆ ಕಡೆ ಹೋಗೂದ ಬ್ಯಾಡ ಅಂತ ಮನಸಿನ್ಯಾಗ ಇತ್ತು.

೧. ಮಂಚದ ಅಳತಿ

ಮಂಚ ಮಾಡಿದಾಂವ ಅಂಕಲಗಿ ಬಡಿಗ್ಯಾ. ಅಳತಿ ತಗೊಳ್ಳುವಾಗ ನಾ ತಲಿಗೆ ಪಟಗಾ ಸುತ್ತಿಕೊಂಡು ನಿಂತಿದ್ದೆ. ಅಂವ ಪಟಗಾ ಸೈತ ಅಳದಾ. ಮಂಚ ಗಾಡಿ ಹೊರಗ ಬಂತು. ಹಿಂದಿನ ಬಾಗಲಾ ಹಾಕಾಕ ಬರಲಿಲ್ಲ, ಹಗ್ಗಾ ಕಟ್ಟಿದ್ವಿ.

ಮೊದಲನೇ ಸಲ ಹೊಂಟಾಗ ಗಾಡಿ ಹೊಡದಾಂವ ಹುಕ್ಕೇರಿ ಗೆಳ್ಯಾ. ಫೌಜಿನ್ಯಾಗ ನನ್ನ ಕೈಕೆಳಗ ಇದ್ದಾಂವ. ನಾ ಧೂಳ ಬ್ಯಾಡಂತ ಬಿಳಿ ಚಾದರ ಮುಖದ ತನಕ ಹೊಚಗೊಂಡು ಮಲಗಿದ್ದೆ. ಕಾಲು ಹೊರಗ. ನಾಗನೂರಾಗ ಚಾ ಕುಡ್ಯಾಕ ನಿಲ್ಲಿಸಿದ್ರು. ಒಬ್ಬಾಕಿ ಮುದುಕಿ ಬಂದು ನನ್ನ ಕಾಲಿಗೆ ಕೈ ಮುಗದ್ಳು.

"ಯಾರವ್ವಾ ಹೋದವ್ರು?"

"ನಮ್ಮ ಮನಿಯವ್ರರಿ," ಅಂದ್ಳು ನಮ್ಮಾಕಿ. "ಇನ್ನೂ ಹೋಗಿಲ್ಲ. ಚಾ ಬಂತಂದ್ರ ಎದ್ದು ಕುಂಡರತಾರು."

ಎದ್ದು ಕುಂತೆ. ಮುದುಕಿ ಓಡಿದ್ಳು.

ನಮ್ಮಾಕಿನ್ನ ಶ್ರಾವಣದಾಗ ದವಾಖಾನಿಯಿಂದ ಮನಿಗೆ ತಂದದ್ದೂ ಇದ ಮಂಚದ ಮ್ಯಾಲೆ. ಕಾಲು ಹೊರಗ ಬರಲಿಲ್ಲ. ಆಕಿ ಗಿಡ್ಡ ಇದ್ಳು.

೨. ಸೀಟಿ

ಹೊಲದಾಗ ಎಲ್ಲಾರ ಮ್ಯಾಲೆ ಹುಕುಂ ಮೂಡಲಗಿ ಸುಬೇದಾರ ಸಾಹೇಬ್ರದು. ಗಾಡಿ ಎಲ್ಲಾ ಒಂದ ಗೆರಿಮ್ಯಾಲೆ ನಿಲ್ಲಬೇಕು. ಹಗ್ಗಾ ಹಿಡದು ನೋಡತಾರು. ಒಂದ ವರ್ಷ ನಾ ಗಾಡಿ ಹಚ್ಚಾಕತ್ತಿದ್ದೆ. ಅವರು ಸೀಟಿ ಊದತಾರು, "ಹಿಂದಕ್ಕ! ಇನ್ನೂ ಹಿಂದಕ್ಕ!"

ಹುಕುಂ ಅಂದ್ರ ಹುಕುಂ. ನಾ ತಿರುಗಿ ನೋಡಲಿಲ್ಲ. ಗಾಡಿ ಹೋಗಿ ಕುದರಿ ಲದ್ದಿ ತಿಪ್ಪಿಯಾಗ ಕುಂತಿತು.

ಮನಿಯಾಕಿ ಕಿಟಕಿಯಾಗಿಂದ ಕೇಳಿದ್ಳು, "ಸಾಹೇಬ್ರ, ಲಡಾಯಿದಾಗೂ ಹಿಂಗ ಬರೇ ಹಿಂದಕ್ಕ ಸರಸ್ತಿದ್ರೇನ್ರಿ?"

ಆ ದಿನ ಸಂಜೀತನಕ ಸೀಟಿ ಸಾಹೇಬ್ರ ಕಿಸೆದಾಗ ಇತ್ತು. ಈ ವರ್ಷ ಸಾಹೇಬ್ರು ನನ್ನ ಗಾಡಿಗೆ ಸೀಟಿ ಊದಲೇ ಇಲ್ಲ. ಸೊಟ್ಟ ಹಚ್ಚಿದೆ. "ಇರಲಿ ಬಿಡೋ," ಅಂದ್ರು. ಅದಕ್ಕಿಂತ ಬೈದಿದ್ರ ಚಲೋ ಇತ್ತು.

೩. ಖಾರ

ಹುಕ್ಕೇರಿ ಗೆಳ್ಯಾಂದು ಗಾಡಿ ಕೆಟ್ಟು ಕುಂತಿತ್ತು. ಅವಗ ಹೇಳಿದೆ, "ನಂದು ಖಾಲಿ ಐತಿ. ಒಯ್ಯಪಾ."

ಅಂವ ಒಳಗ ಹತ್ತಿ ವಲಿ ನೋಡಿದಾ, ಮಂಚ ನೋಡಿದಾ. ಆಕಿ ಡಬ್ಬಿ ಸಾಲಾಗಿ ಇಟ್ಟಿದ್ಳು. ಹಂಗ ಇದ್ವು. ಒಂದು ಡಬ್ಬಿ ತಗದು ಚೂರು ಬಾಯಿಗೆ ಹಾಕ್ಕೊಂಡಾ. ಕಣ್ಣಾಗ ನೀರ ಬಂತು.

"ವೈನಿ ಕೈಯಾಗಿನ ಚಟ್ನಿ, ಅಣ್ಣಾ. ಭಾಳ ಖಾರ."

"ಅದು ಬೆಲ್ಲದ ಡಬ್ಬಿ," ಅಂದೆ.

ಡಬ್ಬಿ ಮುಚ್ಚೂದನ್ನೂ ಮರತು ಇಳದಾ. ಮರುದಿನ ಮುಂಜಾನೆ ಹಾಜರಿ ಮುಗದ ಮ್ಯಾಲೆ ಗಾಡಿ ಅವಂದು ಅಂತ ಮಾತಾತು. ಚಾವಿ ಅವನ ಕೈಯಾಗ ಕೊಟ್ಟೆ.

೪. ಹಾಜರಿ

ಹಾಜರಿ ನಮ್ಮಲ್ಲಿ ಇನ್ನೂ ಫೌಜಿನ ಗತೆನ. ಅವರವರ ಗಾಡಿ ಮುಂದ ಅವರವರು ಎದಿ ಎತ್ತಿ ನಿಲ್ಲಬೇಕು. ಗಾಡಿಯಾಗ ಎಷ್ಟ ಮಂದಿ ಅಂತ ಸಾಹೇಬ್ರು ಕೇಳತಾರು. ಅಷ್ಟ ಕಪ್ ಚಾ.

ನನ್ನ ಪಾಳಿ ಬಂತು. "ಮಂದಿ?"

"ಇಬ್ರು, ಸಾಹೇಬ್ರ!"

ರೂಢಿ. ಬಾಯಿ ತಾನ ಅಂತು.

ಹೆಣ್ಣಮಕ್ಕಳು ಸೆರಗು ಬಾಯಿಗೆ ಹಚ್ಚಿದ್ರು. ಸಾಹೇಬ್ರ ಬಾಯಾಗಿನ ಸೀಟಿ ತಾನ ಸಣ್ಣಗ 'ಪೀ' ಅಂತು. ನನಗ ನಿಂತ ನೆಲದಾಗ ಇಳದು ಹೋಗಬೇಕು ಅನಿಸ್ತು.

ಅಷ್ಟರಾಗ ನನ್ನ ಗಾಡಿಯಾಗ ಧಡ್ ಅಂತ ಸಪ್ಪಳ. ವಲಿ ಮ್ಯಾಲಿನ ಪಾತೇಲಿ ಬಿದ್ವು. ಎಲ್ಲಾರೂ ಹಿಂದಿನ ಬಾಗಲಕ್ಕ ಓಡಿದ್ವಿ. ಹೊಲದ ಮಾಲಕನ ಕುದರಿ ಎದಿತನಕ ಒಳಗ ತೂರಿ ನಿಂತಿತ್ತು. ಮುಖ ಬೆಲ್ಲದ ಡಬ್ಬಿಯಾಗ.

ಮಾಲಕ ಓಡಿ ಬಂದಾ. "ತಪ್ಪ ತಿಳಕೋಬ್ಯಾಡ್ರಿ ಕಾಕಾ. ನಿಮ್ಮ ಮನಿ ಕಾಕು ಪ್ರತಿ ವರ್ಷ ಇದ ಬಾಗಲದಾಗ ಕುಂತು ಇದಕ್ಕ ರೊಟ್ಟಿ ಬೆಲ್ಲಾ ತಿನಸ್ತಿದ್ರು. ನಿಮ್ಮ ಗಾಡಿ ಬಂದಾಗಿಂದ ಇದು ಗೂಟದಾಗ ನಿಂತಿಲ್ಲ. ಕಾಕು ಇಲ್ಲಂತ ಇದಕ್ಕ ಹ್ಯಾಂಗ ಹೇಳ್ಲಿ?"

ಸುಬೇದಾರ ಸಾಹೇಬ್ರು ಕುದರಿ ನೋಡಿದ್ರು, ನನ್ನ ನೋಡಿದ್ರು. ಒದರಿದ್ರು, "ಹಾಜರಿ ಬರೋಬ್ಬರಿ ಐತಿ! ಇಬ್ರು! ಎರಡು ಕಪ್ ಚಾ!"

ಯಾರೋ ನಕ್ಕರು. ಆಮ್ಯಾಲೆ ಎಲ್ಲಾರೂ. ನಾನೂ. ಶ್ರಾವಣದಿಂದ ನಕ್ಕಿರಲಿಲ್ಲ. ನಕ್ಕೋತ ಅತ್ತೆ.

ಹುಕ್ಕೇರಿಯಾಂವ ಬಂದು ಚಾವಿ ನನ್ನ ಕಿಸೆದಾಗ ಹಾಕಿದಾ.

"ಖಾಲಿ ಐತಿ ಅಂದಿದ್ರಿ, ಅಣ್ಣಾ. ಮಂದಿ ಇರೂ ಮನಿ ನಾ ಹ್ಯಾಂಗ ಒಯ್ಲಿ?"

ಆ ಮಂದಿ ಇನ್ನೂ ಡಬ್ಬಿ ನೆಕ್ಕಾಕತ್ತಿತ್ತು.